ಒದ್ದೆ ಕೈ

ಚಿತ್ರದಲ್ಲಿ ಆಕಾಶಕ್ಕೂ ನೆಲಕ್ಕೂ ನಡುವೆ ಗೆರೆಯಿಲ್ಲ. ಒಂದೇ ಬಿಳುಪು ಮೇಲಿನಿಂದ ಇಳಿದು ಬಂದು ಕಾಲಬುಡದಲ್ಲಿ ಹರಡಿಕೊಂಡಿದೆ. ಆ ಬಿಳುಪಿನ ನಡುವೆ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ಟು ತೊಟ್ಟ ಮನುಷ್ಯನೊಬ್ಬ ಮಂಡಿಯೂರಿದ್ದಾನೆ. ಉಣ್ಣೆಯ ಟೊಪ್ಪಿಗೆ ಕೊಂಚ ವಾರೆಯಾಗಿದೆ. ಮೀಸೆಯ ತುದಿಯಲ್ಲಿ ಉಸಿರು ಹೆಪ್ಪುಗಟ್ಟಿ ಉಪ್ಪಿನ ಹರಳಿನಂತೆ ಕೂತಿದೆ. ಕೈಗವಸು ಇಲ್ಲ. ಎರಡೂ ಕೈಗಳು ಮುಂದಕ್ಕೆ ಚಾಚಿವೆ, ಅಂಗೈ ಮೇಲಾಗಿ. ಬೆರಳುಗಳು ಚಳಿಗೆ ಕೆಂಪೇರಿವೆ. ಬಲಗೈಯ ಕಿರುಬೆರಳ ತುದಿಯಿಂದ ನೀರಿನ ಹನಿಯೊಂದು ಇನ್ನೇನು ಕಳಚಬೇಕು, ಕಳಚಿಲ್ಲ. ಮನುಷ್ಯ ನಗುತ್ತಿದ್ದಾನೆ. ಕಣ್ಣು ಮುಚ್ಚಿಹೋಗುವಷ್ಟು, ಕೆಳಸಾಲಿನಲ್ಲಿ ಹಲ್ಲೊಂದು ಬಿದ್ದಿರುವುದು ಕಾಣುವಷ್ಟು ನಗುತ್ತಿದ್ದಾನೆ. ಅಂಗೈಗಳ ಮೇಲೆ ಏನೂ ಇಲ್ಲ.

ಆ ಚಿತ್ರಕ್ಕೆ ಹಾಕಿದ ಸೇವಂತಿಗೆಯ ಹಾರವನ್ನು ಆಶಾಲತಾ ಮತ್ತೆ ಮೇಲಕ್ಕೆತ್ತಿ ಕಟ್ಟುತ್ತಿದ್ದಳು. ಎಷ್ಟು ಬಿಗಿದರೂ ಅದು ಜಾರಿ ಬಂದು ಆ ಖಾಲಿ ಅಂಗೈಗಳ ಮೇಲೇ ಕೂರುತ್ತಿತ್ತು, ಅಲ್ಲಿ ತನಗೆಂದೇ ಜಾಗ ಬಿಟ್ಟಿದ್ದಾರೆ ಎಂಬಂತೆ.

"ಬಿಡೇ ಆಶಾ, ಹಾಗೇ ಇರ್ಲಿ. ಚೆನ್ನಾಗೇ ಕಾಣ್ತಿದೆ," ಎಂದ ಹಿಂದಿನಿಂದ ಅಣ್ಣ ಲಕ್ಷ್ಮೀನಾರಾಯಣ. "ಜನ ಬರೋ ಹೊತ್ತಾಯ್ತು. ಹೋಗಿ ಕೂತ್ಕೋ."

ಬ್ರಾಂಪ್ಟನ್ನಿನ ಆ ಚಿತಾಗಾರದ ಸಭಾಂಗಣದಲ್ಲಿ ಫೆಬ್ರವರಿಯ ಬೆಳಕು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು, ಒಳಗೆ ಬರುವ ಮನಸ್ಸಿಲ್ಲದೆ. ಗೋಡೆಯ ದೊಡ್ಡ ಟೀವಿಯಲ್ಲಿ ಶ್ರೀಕಂಠನ ಹೆಸರು, ಹುಟ್ಟಿದ ಇಸವಿ, ಒಂದು ಅಡ್ಡಗೆರೆ, ೨೦೧೯. ಅದರ ಕೆಳಗೆ ಪೆಟ್ಟಿಗೆಯಲ್ಲಿ ಶ್ರೀಕಂಠ ಜರಿಯಂಚಿನ ಪಂಚೆಯುಟ್ಟು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಯಾರದೋ ಮಾತಿಗೆ ಸುಮ್ಮನೆ ಒಪ್ಪಿಕೊಂಡವನಂತೆ ಮಲಗಿದ್ದ. ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಯಲ್ಲಿ ನಡೆದಾಡಿ ಮನೆಗೆ ಬಂದವನು ಬೂಟು ಬಿಚ್ಚಲೆಂದು ಮೆಟ್ಟಿಲ ಮೇಲೆ ಕುಳಿತಿದ್ದ. ಒಂದನ್ನು ಬಿಚ್ಚಿದ. ಇನ್ನೊಂದನ್ನು ಆಂಬುಲೆನ್ಸಿನವರು ಬಿಚ್ಚಿದರು.

ಆ ರಾತ್ರಿಯೇ ಪಟದ ಮಾತು ಬಂದಿತ್ತು. ಕ್ಯಾಮೆರಾ ಕಂಡರೆ ಮುಖ ಬಿಗಿಯುವ ಮನುಷ್ಯ ಶ್ರೀಕಂಠ; ಮದುವೆಯ ಆಲ್ಬಮ್ಮಿನಲ್ಲೂ ಪಾಸ್‌ಪೋರ್ಟಿನ ಮುಖವೇ. ಮಗ ಹರ್ಷವರ್ಧನ್ ಎಲ್ಲ ಫೋನುಗಳನ್ನೂ ಜಾಲಾಡಿ ಕೊನೆಗೆ ಅಮ್ಮನ ಫೋನಿನಲ್ಲಿ ಇದೊಂದನ್ನು ಕಂಡಿದ್ದ. "ಅಮ್ಮಾ, ದಿಸ್ ಒನ್. ಅಪ್ಪ ನಗ್ತಿರೋದು ಇದೊಂದೇ."

ಅದನ್ನು ನೋಡಿ ಲಕ್ಷ್ಮೀನಾರಾಯಣನ ಹುಬ್ಬು ಮೇಲೇರಿತ್ತು. ಚಿತ್ರದ ಆ ಅಂಗೈಗಳ ಮೇಲೆ, ಒಂದು ಕೈಯಿಂದ ಇನ್ನೊಂದು ಕೈಯನ್ನೂ ದಾಟಿ, ಬೂದಿ ಬಣ್ಣದ ಮೈತುಂಬ ಮಾಸಲು ಚುಕ್ಕೆಗಳಿದ್ದ ದೊಡ್ಡದೊಂದು ಟ್ರೌಟ್ ಮೀನು ಮಲಗಿತ್ತು.

"ಸತ್ತವರ ಪಟದಲ್ಲಿ ಮೀನೇನೋ ಹರ್ಷ? ಹಾರ ಯಾರಿಗೆ ಹಾಕೋದು, ಭಾವನಿಗೋ ಮೀನಿಗೋ?"

ಹರ್ಷ ಲ್ಯಾಪ್‌ಟಾಪು ತೆರೆದು ಕುಳಿತ. ಕಾಫಿ ಆರುವಷ್ಟರಲ್ಲಿ ಮೀನು ಇರಲಿಲ್ಲ. ಅದಿದ್ದ ಜಾಗವನ್ನು ಜಾಕೆಟ್ಟಿನ ಕಿತ್ತಳೆಯೂ ಸರೋವರದ ಬಿಳುಪೂ ಹಂಚಿಕೊಂಡವು. "ಇಸ್ ದಿಸ್ ಓಕೆ, ಅಮ್ಮಾ?" ಎಂದು ಕೇಳಿದ. ಆಶಾಲತಾ ತಲೆಯಾಡಿಸಿದಳು. ಆ ರಾತ್ರಿ ಯಾರು ಏನು ಕೇಳಿದರೂ ಅವಳು ತಲೆಯಾಡಿಸುತ್ತಿದ್ದಳು.

ಈಗ, ಬೆಳಗಿನ ಬೆಳಕಿನಲ್ಲಿ, ಆ ಖಾಲಿ ಕೈ ಅವಳನ್ನು ಕೂರಗೊಡಲಿಲ್ಲ.

ಪಕ್ಕದ ಊರು ಮಿಸಿಸಾಗದ ಗುಂಪೊಂದು ಬಂತು. ಶ್ರೀಕಂಠನನ್ನು ನೋಡಿ, ಕೈಮುಗಿದು, ಪಟದ ಮುಂದೆ ನಿಂತರು.

"ಏನು ಮಾಡ್ತಿದಾರೆ ಇದ್ರಲ್ಲಿ?" ಎಂದು ಒಬ್ಬಾಕೆ ಪಿಸುಗುಟ್ಟಿದಳು.

ಲಕ್ಷ್ಮೀನಾರಾಯಣ ಒಂದು ಗಳಿಗೆ ಪಟವನ್ನು ನೋಡಿದ. ಚಾಚಿದ ಕೈ, ಒದ್ದೆ ಬೆರಳು, ಕಳಚಲಿರುವ ಹನಿ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಚಿತ್ರವೇ ಅವನ ಬಾಯಿಗೆ ಮಾತು ತಂದು ಇಟ್ಟಿತು.

"ಅರ್ಘ್ಯ ಕೊಡ್ತಿರೋದು. ಸಿಮ್ಕೋ ಸರೋವರ ಹೆಪ್ಪುಗಟ್ಟಿರುತ್ತಲ್ಲ, ಅದರ ಮೇಲೆ. ಮೈನಸ್ ಹದಿನೈದು."

"ಅಬ್ಬಾ!" ಎಂದಳು ಆಕೆ, ಇನ್ನೊಮ್ಮೆ ಕೈಮುಗಿದು.

ಮುಂದಿನ ಗುಂಪಿಗೆ ಅದು ಮೈನಸ್ ಇಪ್ಪತ್ತಾಯಿತು. ಆಶಾಲತಾ ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದಳು. ಶುಕ್ರವಾರದ ಲಲಿತಾ ಸಹಸ್ರನಾಮದ ಗೆಳತಿಯರು ಬಂದು ಭುಜ ಹಿಡಿದರು. "ನೀವು ಹೇಳೇ ಇಲ್ವಲ್ಲ ಆಶಾ, ನಿಮ್ಮವರು ಇಷ್ಟು ಅನುಷ್ಠಾನಸ್ಥರು ಅಂತ." ಮೂವತ್ತೈದು ವರ್ಷದ ಹಿಂದೆ ಈ ದೇಶಕ್ಕೆ ಬಂದ ವಾರವೇ ಪಂಚಪಾತ್ರೆಯಲ್ಲಿ ಶೇವಿಂಗ್ ಬ್ರಷ್ ಅದ್ದಿಟ್ಟಿದ್ದ ಶ್ರೀಕಂಠ ಅವಳ ನೆನಪಿಗೆ ಬಂದ. ಗಂಟಲಲ್ಲಿ ನಗು ಬಂತೋ ಅಳು ಬಂತೋ ತಿಳಿಯದೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಗದಗಿನ ಕಡೆಯ ದಾನವ್ವ ಕೋಲೂರುತ್ತ ಬಂದಳು. ಮಗಳ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದ ಮುದುಕಿ. ಶ್ರೀಕಂಠ ಅವಳನ್ನು ವಾರಕ್ಕೊಮ್ಮೆ ತರಕಾರಿ ಅಂಗಡಿಗೆ ಕರೆದೊಯ್ಯುತ್ತಿದ್ದ. ಅವಳು ಪೆಟ್ಟಿಗೆಯ ಅಂಚು ಹಿಡಿದು "ನನಗಿಂತ ಮೊದಲ ಹೊಂಟೀಯಲ್ಲೋ ನನ್ನಪ್ಪ, ಸರತಿ ಮುರದಿ ನೋಡು," ಎಂದು ಬೈದು, ಕಣ್ಣೊರೆಸಿಕೊಂಡು, ಪಟದ ಮುಂದೆ ಬಹಳ ಹೊತ್ತು ನಿಂತಳು. ಲಕ್ಷ್ಮೀನಾರಾಯಣ ಅರ್ಘ್ಯದ ಸಂಗತಿ ಹೇಳಿದ.

"ಆಗಿರಬೇಕ್ರಿಯಪ್ಪ, ನಾವೇನ ಬಲ್ಲಿವಿ," ಎಂದಳು ದಾನವ್ವ. ಆಶಾಲತಾಳ ಪಕ್ಕದಲ್ಲಿ ಕೂತ ಮೇಲೆ ಸಣ್ಣ ದನಿಯಲ್ಲಿ, "ಖರೇ ಹೇಳ ತಂಗಿ. ಆ ಕೈಯಾಗ ಏನೋ ಇತ್ತು. ಖಾಲಿ ಕೈ ಹಂಗ ಬಾಗೂದಿಲ್ಲ. ಕೊಡಾ ಹೊತ್ತಾಕಿ ನಾನು, ಭಾರ ಕಂಡ್ರ ಗೊತ್ತಾಗತೈತಿ."

ಆಶಾಲತಾ ದಾನವ್ವನ ಒರಟು ಕೈಯನ್ನು ಹಿಡಿದುಕೊಂಡು ಕುಳಿತಳು.

\*

ಶ್ರೀಕಂಠ ವಾನ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಕಾರಿನ ಬಾಗಿಲುಗಳ ಕೀಲು ಪರೀಕ್ಷಿಸುವ ಕೆಲಸದಲ್ಲಿದ್ದ. ಇಡೀ ದಿನ ಬಾಗಿಲು ತೆಗೆಯುವುದು, ಮುಚ್ಚುವುದು, ಕಿವಿಗೊಟ್ಟು ಕೇಳುವುದು. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲನ್ನೊಮ್ಮೆ ಹಿಂದೆ ಮುಂದೆ ಆಡಿಸಿ ನೋಡುತ್ತಿದ್ದ. "ಒಳ್ಳೇ ಬಾಗಿಲು ಮುಚ್ಚಿದ್ದು ಗೊತ್ತಾಗ್ಬೇಕು ಕಣೇ, ಕೇಳಿಸ್ಬಾರದು," ಎನ್ನುತ್ತಿದ್ದ. ಗೃಹಪ್ರವೇಶಕ್ಕೆ ಕರೆದವರು ಪೂಜೆ ಮುಗಿಯುವುದರೊಳಗೆ ತಮ್ಮ ಹೊಸ ಮನೆಯ ಬಾಗಿಲುಗಳ ದೋಷಗಳನ್ನೆಲ್ಲ ಅವನಿಂದ ಕೇಳಬೇಕಾಗುತ್ತಿತ್ತು.

ಮೀನಿನ ಹುಚ್ಚು ಹತ್ತಿಸಿದವನು ಅದೇ ಕಾರ್ಖಾನೆಯ ಲಾಯ್ಡ್. ನ್ಯೂಫೌಂಡ್‌ಲ್ಯಾಂಡಿನ ಕಡಲ ಮಗ. ಸಿಮ್ಕೋ ಸರೋವರ ಹೆಪ್ಪುಗಟ್ಟಿತೆಂದರೆ ಅದರ ಮೇಲೆ ಒಂದು ಪುಟ್ಟ ಮರದ ಗುಡಿಸಲನ್ನು ಎಳೆದೊಯ್ದು ನಿಲ್ಲಿಸಿ, ಬೈರಿಗೆಯಿಂದ ಮಂಜುಗಡ್ಡೆ ಕೊರೆದು, ಆ ತೂತಿನ ಮುಂದೆ ಕೂರುವವನು. ಒಂದು ಶನಿವಾರ ಶ್ರೀಕಂಠನನ್ನೂ ಕರೆದೊಯ್ದ. ಅಲ್ಲಿಂದ ಮುಂದೆ ಪ್ರತಿ ಚಳಿಗಾಲವೂ ಶನಿವಾರ ಬೆಳಗ್ಗೆ ಶ್ರೀಕಂಠ ಮನೆಯಲ್ಲಿ ಇರುತ್ತಿರಲಿಲ್ಲ.

ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಮೊಟ್ಟೆಯಿದ್ದ ಕೇಕನ್ನೂ ಮುಟ್ಟದ ಆಶಾಲತಾ ಮೊದಮೊದಲು ಮಾತು ಬಿಟ್ಟಳು. ಅದು ಶ್ರೀಕಂಠನಿಗೆ ತಡೆಯಲಾಗದ ಶಿಕ್ಷೆ. ಕೊನೆಗೆ ಒಪ್ಪಂದವಾಯಿತು. ಒಂದು ಮೀನೂ ಮನೆಗೆ ಬರಕೂಡದು. ಗರಾಜಿನಲ್ಲೇ ಬಟ್ಟೆ ಕಳಚಬೇಕು, ಬೇಸ್‌ಮೆಂಟಿನಲ್ಲಿ ಸ್ನಾನ ಮುಗಿಸಿಯೇ ಮೇಲೆ ಬರಬೇಕು. ಆ ಶಬ್ದವನ್ನಂತೂ ಮನೆಯೊಳಗೆ ಆಡಲೇಕೂಡದು.

ಶ್ರೀಕಂಠ ಎಲ್ಲದಕ್ಕೂ ಒಪ್ಪಿದ. ಮೊದಲೇ ಅವನು ಹಿಡಿದದ್ದನ್ನು ತಿನ್ನುತ್ತಿರಲಿಲ್ಲ, ನೀರಿಗೆ ಬಿಟ್ಟು ಬರುತ್ತಿದ್ದ.

"ತಿನ್ನಲ್ಲ, ಮಾರಲ್ಲ. ಮತ್ಯಾಕ್ರೀ ಹಿಡೀತೀರಿ?" ಎಂದು ಒಮ್ಮೆ ಕೇಳಿದ್ದಳು.

ಅವನು ಗಂಭೀರವಾಗಿ ಯೋಚಿಸಿದ. "ಕೆಳಗಡೆ ಯಾರಿದಾರೆ ಅಂತ ನೋಡೋಕೆ."

ವರ್ಷಗಳು ಕಳೆದಂತೆ ನಿಷೇಧ ಆಟವಾಗಿತ್ತು. ಶನಿವಾರ ಸಂಜೆ ಸ್ನಾನ ಮುಗಿಸಿ ಬಂದವನ ತಟ್ಟೆಗೆ ಅನ್ನ ಬಡಿಸುತ್ತ ಅವಳೇ ಕೇಳುವಳು: "ಇವತ್ತು ಯಾರಾದ್ರೂ ಸಿಕ್ಕಿದ್ರಾ?"

"ಇಬ್ರು ಬಂದಿದ್ರು. ಮಾತಾಡ್ಸಿ ಕಳಿಸ್ದೆ."

"ಪಾಪ, ಊಟಕ್ಕೆ ಕರೀಬಾರದಿತ್ತೇ?"

"ಕರೆದೆ. ಮಡಿ ಮನೆ ಅಂದ್ರೆ ಹೆದರ್ಕೋತಾರೆ."

ಹುಳಿಯ ಸೌಟು ಅವಳ ಕೈಯಲ್ಲಿ ನಡುಗುವಷ್ಟು ನಗು ಬರುತ್ತಿತ್ತು. ಅಣ್ಣನ ಮುಂದೆ, ದೇವಸ್ಥಾನದವರ ಮುಂದೆ ಮಾತ್ರ ಅವಳು ಅದನ್ನು "ನಮ್ಮವರ ಹವ್ಯಾಸ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು.

\*

ಸಭಾಂಗಣದ ಬಾಗಿಲು ತೆರೆದು ಚಳಿಗಾಳಿಯ ಜೊತೆ ಲಾಯ್ಡ್ ಬಂದ. ಭುಜದಲ್ಲಿ ಬಿಗಿಯಾದ ಹಳೆಯ ಕರಿಯ ಕೋಟು. ಕಾಲಿಗೆ ಮಾತ್ರ ಸರೋವರಕ್ಕೆ ಹಾಕುವ ಅದೇ ಬೂಟು. ಪೆಟ್ಟಿಗೆಯ ಮುಂದೆ ನಿಂತು ಟೊಪ್ಪಿಗೆ ತೆಗೆದು, "ಶ್ರೀ, ಮೈ ಬಾಯ್," ಎಂದಷ್ಟೇ ಹೇಳಿದ. ಆಮೇಲೆ ಪಟದ ಕಡೆ ತಿರುಗಿದ. ಮುಖ ಅರಳಿತು. ಅರಳಿದ್ದು ನಡುವೆಯೇ ನಿಂತಿತು. ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದ.

"ವೇರ್ ಈಸ್ ದ ಫಿಶ್?"

ಪಿಸುಮಾತು ಆಡಿ ಗೊತ್ತಿಲ್ಲದ ಗಂಟಲು ಅದು. ಸಹಸ್ರನಾಮದ ಸಾಲು ಪೂರ್ತಿ ತಿರುಗಿ ನೋಡಿತು.

ಲಕ್ಷ್ಮೀನಾರಾಯಣ ಧಾವಿಸಿ ಬಂದು ಅವನ ತೋಳು ಹಿಡಿದ. "ಥ್ಯಾಂಕ್ಯೂ ಫಾರ್ ಕಮಿಂಗ್, ಸರ್. ಪ್ಲೀಸ್, ಸಿಟ್."

"ಬಟ್ ದೇರ್ ವಾಸ್ ಎ ಫಿಶ್!" ಎಂದ ಲಾಯ್ಡ್, ಕೂರುತ್ತ, ದಿಕ್ಕು ತಪ್ಪಿದವನಂತೆ ಆಶಾಲತಾಳನ್ನು ನೋಡುತ್ತ. ಅವಳು ಕಣ್ಣು ತಗ್ಗಿಸಿದಳು. ಆ ದಿನ ಗುಡಿಸಲಿನಲ್ಲಿ ಇದ್ದವರು ಮೂವರೇ. ಅವರಲ್ಲಿ ಒಬ್ಬ ಪೆಟ್ಟಿಗೆಯಲ್ಲಿದ್ದ.

ಪುರೋಹಿತರು ಚಂದ್ರಮೋಹನ ಭಟ್ಟರು; ಉಡುಪಿ ಕಡೆಯವರು, ವಾರದ ದಿನಗಳಲ್ಲಿ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಮಂತ್ರ ಮುಗಿಸಿ, ಪದ್ಧತಿಯಂತೆ ಎರಡು ಮಾತಾಡಲು ನಿಂತರು.

"ಈ ಪಟವನ್ನೇ ನೋಡಿ. ನನಗೂ ಈಗಷ್ಟೇ ಗೊತ್ತಾದದ್ದು. ನಾವೆಲ್ಲ ಹೀಟರ್ ಹಾಕಿಕೊಂಡು ಕೂತರೂ ಸಂಧ್ಯಾವಂದನೆಗೆ ಉದಾಸೀನ ಮಾಡ್ತೇವೆ. ಈ ಮಹಾನುಭಾವರು ಮೈನಸ್ ಮೂವತ್ತು ಡಿಗ್ರಿಯಲ್ಲಿ, ಹಿಮದ ಮೇಲೆ, ಬರಿಗೈಯಲ್ಲಿ ಸೂರ್ಯನಿಗೆ ಅರ್ಘ್ಯ ಕೊಟ್ಟವರು. ಮತ್ತೆ ಆ ಕೈ ನೋಡಿ. ಏನೂ ಇಲ್ಲ ಅದರಲ್ಲಿ. ಎಲ್ಲ ಕೊಟ್ಟಾಗಿದೆ."

ಯಾರೋ ಮೂಗೆಳೆದುಕೊಂಡರು. ಚೆನ್ನಾಗಿಯೇ ಆಡಿದ ಮಾತು. ಬೇರೆ ಯಾರ ಬಗ್ಗೆಯಾದರೂ ಆಗಿದ್ದರೆ ಆಶಾಲತಾಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಆದರೆ ಈ ಮಾತಿನೊಳಗೆ ಶ್ರೀಕಂಠ ಎಲ್ಲೂ ಇರಲಿಲ್ಲ. ಅವನ ಜಾಗದಲ್ಲಿ ಯಾರೋ ಋಷಿ ಬಂದು ಕುಳಿತಿದ್ದ. ಶನಿವಾರ ಸಂಜೆ ತಟ್ಟೆಯ ಮುಂದೆ ಕೂತು "ಇಬ್ರು ಬಂದಿದ್ರು" ಎನ್ನಲು ಬಾರದ ಋಷಿ. ಇನ್ನು ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಒಳಗೆ ಹೋಗುತ್ತದೆ. ಆಮೇಲೆ ಈ ಊರಿನ ಕನ್ನಡದವರ ಬಾಯಲ್ಲಿ ಉಳಿಯುವವನು ಈ ಋಷಿಯೇ. ಹಾಗೆ ಆಗದಿರಬೇಕಾದರೆ ಅವಳು ಬಾಯಿ ತೆರೆಯಬೇಕಿತ್ತು. ಬಾಯಿ ತೆರೆದರೆ, ಶುಕ್ರವಾರದ ಆಶಾಲತಾ ಇಷ್ಟು ವರ್ಷ ಕಟ್ಟಿಕೊಂಡ ಮಡಿಯ ಹೆಸರು ಅದರ ಜೊತೆಗೇ ಹೋಗುತ್ತಿತ್ತು.

\*

ಹೋದ ವರ್ಷ ಫೆಬ್ರವರಿಯಲ್ಲಿ, ಮೊಣಕಾಲು ನೋವಿನ ನೆಪ ಮುಗಿದು ಬೇರೆ ನೆಪ ಸಿಗದ ಒಂದು ಶನಿವಾರ, ಅವಳು ಅವನ ಜೊತೆ ಹೊರಟಿದ್ದಳು. "ಒಂದ್ಸಲ ಬಾರೇ. ನೋಡ್ಕೊಂಡು ಬಂದ್ಬಿಡೋಣ. ನಿನಗೆ ಕೆಳಗಿನವರ ಪರಿಚಯ ಮಾಡ್ಸಿಲ್ಲ ಇನ್ನೂ."

ದಂಡೆಯಲ್ಲಿ ಅವನು ಅವಳ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಕೈಯಲ್ಲಿ ಕಬ್ಬಿಣದ ಹಾರೆ.

"ನಾನು ಮುಂದೆ. ನೀನು ನನ್ನ ಹೆಜ್ಜೆಯಲ್ಲೇ ಬಾ, ಆದ್ರೆ ಹತ್ರ ಬರ್ಬೇಡ. ಹಗ್ಗ ನೆಟ್ಟಗಿರ್ಬೇಕು."

"ಸಪ್ತಪದೀಲಿ ಹೀಗೆ ಹೇಳ್ಲಿಲ್ಲ ಪುರೋಹಿತ್ರು."

"ಅವರು ಐಸ್ ನೋಡಿರ್ಲಿಲ್ಲ."

ಪ್ರತಿ ಹೆಜ್ಜೆಗೂ ಮೊದಲು ಅವನು ಹಾರೆಯಿಂದ ನೆಲ ಕುಟ್ಟಿ, ತಲೆ ವಾಲಿಸಿ ಕೇಳುತ್ತಿದ್ದ, ಕಾರ್ಖಾನೆಯಲ್ಲಿ ಬಾಗಿಲಿಗೆ ಕಿವಿ ಕೊಡುತ್ತಿದ್ದ ಹಾಗೆಯೇ. ಠಣ್ ಎಂದರೆ ನಡೆಯಬೇಕು. ಡೊಬ್ ಎಂದರೆ ನಿಲ್ಲಬೇಕು. ಕಪ್ಪಗೆ ಕಂಡ ಮಂಜುಗಡ್ಡೆಯನ್ನು ನಂಬು, ಹಾಲಿನ ಹಾಗೆ ಬೆಳ್ಳಗಿದ್ದದ್ದನ್ನು ಅರ್ಧ ನಂಬು ಎಂದ. ಹಿಮ ಬಿದ್ದು ಕರಗಿ ಮತ್ತೆ ಹೆಪ್ಪಾದ ಬಿಳಿಯದರ ಹೊಟ್ಟೆಯಲ್ಲಿ ಗಾಳಿ ಇರುತ್ತದಂತೆ. ಸರೋವರದ ನಡುವೆ ಇರುವಾಗ ಕಾಲಡಿಯಲ್ಲಿ ಎಲ್ಲೋ ದೂರದಿಂದ ಆನೆ ನರಳಿದಂಥ ಸದ್ದು ಹೊರಟು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹರಿದುಹೋಯಿತು. ಆಶಾಲತಾ ಕಿರುಚಿದಳು.

"ಒಡೀತು ರೀ!"

"ಒಡೆದಿಲ್ಲ ಕಣೇ, ಮೈ ಮುರೀತಿದೆ. ಸದ್ದು ಮಾಡೋ ಐಸು ಒಳ್ಳೇದು. ಸುಮ್ಮನಿರೋದನ್ನ ನಂಬ್ಬಾರದು." ಹಿಂದಿರುಗಿ ನೋಡಿ ಸೇರಿಸಿದ: "ನೀನು ಮಾತು ಬಿಟ್ಟಿದ್ಯಲ್ಲ ಆ ವರ್ಷ, ನನಗೆ ಅದೇ ಭಯ ಆಗಿದ್ದು."

ಗುಡಿಸಲೊಳಗೆ ಸಣ್ಣ ಗ್ಯಾಸ್ ಹೀಟರು, ಎರಡು ಬೋರಲು ಬಕೆಟ್ಟು, ನೆಲದಲ್ಲಿ ತಟ್ಟೆಯಗಲದ ತೂತು. ತೂತಿನೊಳಗಿಂದ ಹಸಿರು ಬೆಳಕು ಬರುತ್ತಿತ್ತು, ದೀಪ ಕೆಳಗಿದೆಯೋ ಎಂಬಂತೆ. ಲಾಯ್ಡ್ ಅವಳು ತಂದ ಪುಳಿಯೋಗರೆ ತಿನ್ನುತ್ತ ಕೂತಿದ್ದ. ಶ್ರೀಕಂಠ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಬೇಕಿತ್ತು. "ಒಂದ್ನಿಮಿಷ ಹಿಡ್ಕೋ" ಎಂದು ಗೇಣುದ್ದದ ಗಾಳದ ಕೋಲನ್ನು ಅವಳ ಕೈಗಿತ್ತ.

ಆ ಒಂದು ನಿಮಿಷದಲ್ಲಿ ಕೆಳಗಿನವರು ಬಂದರು.

ಕೋಲು ಬಾಗಿತು. ತೆಂಗಿನ ಮರಕ್ಕಿಂತ ಆಳದಲ್ಲಿ ಯಾರೋ ದಾರವನ್ನು ಒಮ್ಮೆ ಜಗ್ಗಿ, ಯಾರು ಅಲ್ಲಿ ಎಂದು ಕೇಳಿದ ಹಾಗೆ ಕಾದು, ಮತ್ತೆ ಜಗ್ಗಿದರು.

"ಅಯ್ಯೋ ಎಳೀತಿದೆ ರೀ! ಹಿಡ್ಕೊಳ್ರೀ!"

"ನೀನೇ ಹಿಡ್ಕೋ! ಸುತ್ತು! ಸುತ್ತು! ಈಗ ಸಡ್ಲ ಬಿಡು! ಅಯ್ಯೋ, ಅಷ್ಟು ಬಿಡ್ಬೇಡ!"

ಕಾಫಿ ಚೆಲ್ಲಿತು. ಲಾಯ್ಡನ ಪುಳಿಯೋಗರೆ ನೆಲ ಕಂಡಿತು. ಅವಳು ಸುತ್ತಿದಳು, ಬಿಟ್ಟಳು, ಮತ್ತೆ ಸುತ್ತಿದಳು. ತೋಳಿನ ಬಳೆಗಳು ಜಾಕೆಟ್ಟಿನೊಳಗೆ ಗಲಗಲ ಎಂದವು. ಏನನ್ನೋ ಕೊಲ್ಲುತ್ತಿದ್ದೇನೆಂಬ ಭಯ ಮೊದಲು ಬಂತು. ಆಮೇಲೆ ಅದನ್ನು ಪಕ್ಕಕ್ಕೆ ತಳ್ಳಿಕೊಂಡು ಬೇರೆ ಏನೋ ಬಂತು. ಐದನೆಯ ಕ್ಲಾಸಿನ ಕುಂಟಾಬಿಲ್ಲೆ ಆಟದ ನಂತರ ಅದು ಅವಳ ಬಳಿ ಬಂದಿರಲಿಲ್ಲ. ಕೊನೆಗೆ ಹಸಿರು ಬೆಳಕಿನಲ್ಲಿ ಒಂದು ತಲೆ ಮೂಡಿತು. ಗಂಭೀರವಾದ, ವಯಸ್ಸಾದ ತಲೆ.

ಶ್ರೀಕಂಠ ಗವಸು ಕಳಚಿ ಎರಡೂ ಕೈಗಳನ್ನು ಕೊರೆಯುವ ನೀರಿನಲ್ಲಿ ಮಣಿಕಟ್ಟಿನವರೆಗೂ ಅದ್ದಿದ.

"ಅದ್ಯಾಕ್ರೀ?"

"ಒಣ ಕೈಲಿ ಮುಟ್ಬಾರದು. ಅದರ ಮೈ ಮೇಲೆ ಒಂದು ಪೊರೆ ಇರುತ್ತೆ, ಕಿತ್ಕೊಂಡು ಬರುತ್ತೆ. ಒದ್ದೆ ಕೈಲಿ ಮುಟ್ಟಿದ್ರೆ ಅದಕ್ಕೆ ನಾವೂ ನೀರೇ."

ಹೊರಗೆ ಬೆಳಕಿಗೆ ತಂದು ಮಂಡಿಯೂರಿ ಹಿಡಿದುಕೊಂಡ. "ಬೇಗ ತೆಗಿ ಫೋಟೋ, ಅದಕ್ಕೆ ಉಸಿರಿಲ್ಲ." ಅವಳು ಫೋನು ಹಿಡಿದು, ಅಳುತ್ತ, ನಗುತ್ತ, ಆ ಹಿಮದ ಮೇಲೆ ಅರವತ್ತು ದಾಟಿದ ಮೊಣಕಾಲಿನಲ್ಲಿ ಕುಣಿಯುತ್ತ ಕೂಗಿದಳು: "ನನ್ನ ಮೀನು ರೀ! ನನ್ನ ಮೀನು! ಅಣ್ಣಂಗೆ ಮಾತ್ರ ಹೇಳ್ಬೇಡಿ!" ಅದಕ್ಕೇ ಅವನು ನಕ್ಕದ್ದು. ಅದನ್ನೇ ಫೋನು ಹಿಡಿದದ್ದು.

ಆಮೇಲೆ ಅದನ್ನು ತೂತಿನೊಳಗೆ ಇಳಿಸಿದ. ಬಿಡಲಿಲ್ಲ, ಬಾಲದ ಬುಡ ಹಿಡಿದು, ಇನ್ನೊಂದು ಅಂಗೈಯನ್ನು ಹೊಟ್ಟೆಯ ಕೆಳಗಿಟ್ಟು ನೀರಿನಲ್ಲಿ ಹಾಗೇ ಹಿಡಿದಿದ್ದ.

"ಬಿಟ್ಬಿಡಿ ಪಾಪ."

"ನಾವು ಬಿಡೋದಲ್ಲ. ಅದಕ್ಕೇ ಹೊರಡೋಣ ಅನ್ನಿಸ್ಬೇಕು. ಅಲ್ಲೀವರೆಗೆ ಸುಮ್ನೆ ಹಿಡ್ಕೊಂಡಿರ್ಬೇಕು."

ಬೆರಳುಗಳು ಕೆಂಪಾದವು, ಆಮೇಲೆ ಬಿಳಿಚಿದವು. ಅವನು ಕದಲಲಿಲ್ಲ. ಒಮ್ಮೆಗೇ ಬಾಲ ಬೀಸಿತು. ನೀರು ಅವಳ ಕನ್ನಡಕಕ್ಕೆ ಹಾರಿತು. ಒರೆಸಿಕೊಂಡು ನೋಡಿದರೆ ಹಸಿರು ಬೆಳಕು ಮಾತ್ರ ಇತ್ತು.

ಅಣ್ಣನಿಗೆ ಅವನು ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಆ ಯುಗಾದಿಗೆ ಲಕ್ಷ್ಮೀನಾರಾಯಣ ಎಲ್ಲರ ಮುಂದೆ "ಏನು ಭಾವ, ಈ ಸಲ ಭಾರೀ ಮೀನೇ ಹಿಡಿದ್ರೋ" ಎಂದು ಚುಚ್ಚಿದಾಗ, ಹೋಳಿಗೆ ಮುರಿಯುತ್ತ, "ಹೂಂ, ಏನೋ ಅದೃಷ್ಟ" ಎಂದಿದ್ದ. ಅವಳು ತುಪ್ಪ ಬಡಿಸುತ್ತಿದ್ದಳು. ಅವನು ತಲೆಯೆತ್ತಿ ಅವಳನ್ನು ನೋಡಲಿಲ್ಲ, ಎಲ್ಲಿ ಇಬ್ಬರೂ ನಕ್ಕುಬಿಡುತ್ತೇವೋ ಎಂದು.

\*

"ಕುಟುಂಬದವರು ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿ ಹಾಕಿ," ಎಂದರು ಭಟ್ಟರು.

ಆಶಾಲತಾ ಎದ್ದಳು. ಅಕ್ಕಿಯ ಬಟ್ಟಲ ಮುಂದೆ ನಿಂತವಳು ಹಿಂದಿರುಗಿದಳು.

"ಭಟ್ಟರೇ, ಅದು ಅರ್ಘ್ಯ ಅಲ್ಲ."

"ಆಶಾ," ಎಂದ ಲಕ್ಷ್ಮೀನಾರಾಯಣ, ಎಚ್ಚರಿಸುವ ದನಿಯಲ್ಲಿ.

"ಇರು ಅಣ್ಣಾ. ಅಲ್ಲಿ ಒಂದು ಮೀನಿತ್ತು. ಅವರ ಕೈ ಮೇಲೆ. ಪಟ ಚೆನ್ನಾಗಿರಲ್ಲ ಅಂತ ನಾವು ತೆಗೆಸಿದ್ವಿ. ನಾನೂ ಹೂಂ ಅಂದೆ." ದನಿ ಎಲ್ಲಿ ಒಡೆಯುತ್ತದೋ ಎಂದು ತಡೆದಳು, ಒಡೆಯಲಿಲ್ಲ. "ಸಂಧ್ಯಾವಂದನೆ ಅವರು ಮಾಡ್ತಿರ್ಲಿಲ್ಲ. ಆದ್ರೆ ಆ ಮೀನೂ ಅವರು ಹಿಡಿದಿದ್ದಲ್ಲ. ನಾನು ಹಿಡಿದಿದ್ದು."

ಕುರ್ಚಿಗಳು ಕಿರುಗುಟ್ಟಿದವು.

"ಯಸ್!" ಎಂದ ಹಿಂದಿನ ಸಾಲಿನಿಂದ ಲಾಯ್ಡ್. ಕನ್ನಡ ಒಂದಕ್ಷರ ಬಾರದವನು. ಅವಳ ಕೈಗಳ ಅಭಿನಯ ಅವನಿಗೆ ಸಾಕಾಗಿತ್ತು. "ಶೀ ಕಾಟ್ ಇಟ್!"

ಹರ್ಷ ಅಮ್ಮನನ್ನೇ ನೋಡುತ್ತಿದ್ದ. "ಯೂ? ಅಮ್ಮಾ, ನೀನಾ?" ಎಂದ. ಮೂರು ದಿನದಿಂದ ಬಿಗಿದಿದ್ದ ಅವನ ಮುಖ ಒಂದು ಕಡೆಯಿಂದ ಸಡಿಲವಾಗತೊಡಗಿತು. "ಐ ಹ್ಯಾವ್ ದ ಒರಿಜಿನಲ್," ಎಂದು ಫೋನು ತೆಗೆದು, ಗೋಡೆಯ ಟೀವಿಯ ಕಡೆ ಹೋದ. ಹೆಸರು, ಇಸವಿ, ಅಡ್ಡಗೆರೆ ಎಲ್ಲ ಅಳಿದವು. ಬಿಳುಪು ಬಂತು, ಕಿತ್ತಳೆ ಬಂತು, ನಗು ಬಂತು. ಗೋಡೆಯಗಲಕ್ಕೂ ಟ್ರೌಟ್ ಮೀನು ಬಂದು ಮಲಗಿತು, ಮೈತುಂಬ ಚುಕ್ಕೆಗಳೊಂದಿಗೆ.

ಮೊದಲು ನಕ್ಕವಳು ದಾನವ್ವ. "ನಾ ಹೇಳ್ಲಿಲ್ಲೇನ! ಭಾರ ಇತ್ತು ಅಂತ!" ಆಮೇಲೆ, ಕುತೂಹಲ ತಡೆಯಲಾರದೆ, "ತಿಂದ್ರೇನ ಮತ್ತ?"

"ಇಲ್ಲ ದಾನವ್ವ. ನೀರಿಗೆ ಬಿಟ್ವಿ."

"ಅಯ್ಯ! ಹಂಗಾರ ಯಾಕ ಹಿಡದ್ರಿ?"

"ಕೆಳಗಡೆ ಯಾರಿದಾರೆ ಅಂತ ನೋಡೋಕ್ಕಂತೆ," ಎಂದಳು ಆಶಾಲತಾ. ಮೂರು ದಿನದಿಂದ ಬಾರದ ಅಳು ಆಗ ಬಂತು. ಸಹಸ್ರನಾಮದ ಸಾಲಿನಲ್ಲಿ ಕೆಲವರು ಅತ್ತರು, ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಒಬ್ಬಾಕೆ ಎರಡನ್ನೂ ಮಾಡಿದಳು.

ಭಟ್ಟರು ಟೀವಿಯನ್ನು ನೋಡಿ ಕೆಮ್ಮಿದರು. "ಆಯ್ತಲ್ಲ. ಮೊದಲನೇ ಅವತಾರವೇ ಅದು. ಇರಲಿ ಬಿಡಿ, ದೋಷ ಇಲ್ಲ." ಪಂಚಾಂಗ ಮಡಿಸಿಕೊಳ್ಳುತ್ತ, ತಮಗೇ ಹೇಳಿಕೊಂಡಂತೆ, "ಮೈನಸ್ ಮೂವತ್ತು ಅಂದದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು," ಎಂದರು.

ಒಳಕೋಣೆಗೆ ಹೋಗುವ ಓಣಿ ಉದ್ದವಾಗಿತ್ತು. ಹೆಂಗಸರು ಅಲ್ಲಿಗೆ ಬರುವ ಪದ್ಧತಿಯಿಲ್ಲವೆಂದು ಲಕ್ಷ್ಮೀನಾರಾಯಣ ಬೆಳಗ್ಗೆಯೇ ಹೇಳಿದ್ದ. ಈಗ ಅವನೇ ತಂಗಿಯ ಪಕ್ಕದಲ್ಲಿ ನಡೆದ. ಮುಂದೆ ಪೆಟ್ಟಿಗೆಯ ಗಾಲಿಗಳು ಉರುಳುತ್ತಿದ್ದವು. ಅರ್ಧ ದಾರಿಯಲ್ಲಿ, ಮುಖ ತಿರುಗಿಸದೆ ಕೇಳಿದ:

"ಎಷ್ಟು ದೊಡ್ಡದಿತ್ತೇ?"

ಆಶಾಲತಾ ನಡೆಯುತ್ತಲೇ ಕೈಗಳನ್ನು ಅಗಲಿಸಿ ತೋರಿಸಿದಳು.

"ಸುಳ್ಳಿ."

"ಆಣೆ ಅಣ್ಣಾ."

"ಭಾವ ಒಂದು ಮಾತು ಹೇಳ್ಲಿಲ್ವಲ್ಲ. ನಾನು ಅಷ್ಟು ಆಡ್ಕೊಂಡೆ ಅವತ್ತು, ಹೋಳಿಗೆ ತಿನ್ಕೊಂಡು ಕೂತಿದ್ರು." ಅವನು ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ.

ಕೋಣೆ ಚಿಕ್ಕದು. ಗೋಡೆಯಲ್ಲಿ ಉಕ್ಕಿನ ಬಾಗಿಲು ತೆರೆದಿತ್ತು. ಪೆಟ್ಟಿಗೆಯನ್ನು ಉರುಳೆಗಳ ಮೇಲೆ ಅದರ ನೇರಕ್ಕೆ ತಂದು ನಿಲ್ಲಿಸಿದರು. ಕರಿಯ ಸೂಟಿನ ನೌಕರ ಹರ್ಷನಿಗೆ ಒತ್ತಬೇಕಾದ ಗುಂಡಿಯನ್ನು ತೋರಿಸಿ, ಒಂದು ಹೆಜ್ಜೆ ಹಿಂದೆ ಸರಿದ.

"ಭಟ್ಟರೇ, ಆ ಗಿಂಡಿ ಕೊಡಿ ಇಲ್ಲಿ."

ಭಟ್ಟರು ನೀರಿನ ಗಿಂಡಿಯನ್ನು ಅವಳ ಕಡೆ ಬಗ್ಗಿಸಿದರು. ಅವಳು ಎರಡೂ ಕೈಗಳಿಗೆ ನೀರು ಹೊಯ್ಯಿಸಿಕೊಂಡಳು, ಮಣಿಕಟ್ಟಿನವರೆಗೂ. ಯಾಕೆಂದು ಯಾರೂ ಕೇಳಲಿಲ್ಲ. ಬಾಗಿ, ಪೆಟ್ಟಿಗೆಯ ಕಾಲ ಕಡೆಯ ಅಂಚಿನ ಕೆಳಗೆ ಅಂಗೈಗಳನ್ನು ಇಟ್ಟಳು. ಮರ ತಣ್ಣಗಿತ್ತು. ಹಾಗೇ ಹಿಡಿದುಕೊಂಡು ನಿಂತಳು.

"ಅಮ್ಮಾ, ಒತ್ಲಾ?"

"ತಾಳು."

ಕೋಣೆಯಲ್ಲಿ ಎಲ್ಲೋ ಯಂತ್ರವೊಂದು ಸಣ್ಣಗೆ ಗುಂಯ್ಗುಡುತ್ತಿತ್ತು. ಆಶಾಲತಾ ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ವಾಲಿಸಿ, ಕಾಯುತ್ತಿದ್ದಳು.

"ಹೂಂ," ಎಂದಳು ಕೊನೆಗೆ.

ಉರುಳೆಗಳು ತಿರುಗಿದವು. ಪೆಟ್ಟಿಗೆ ಅವಳ ಅಂಗೈಗಳನ್ನು ಸವರಿಕೊಂಡು ಮುಂದಕ್ಕೆ ಸರಿಯಿತು, ಬೆರಳ ತುದಿಗಳನ್ನೂ ದಾಟಿ ಹೊರಟಿತು. ಅವಳ ಕೈಗಳು ಇದ್ದಲ್ಲೇ ಉಳಿದವು, ಮುಂದಕ್ಕೆ ಚಾಚಿ, ಅಂಗೈ ಮೇಲಾಗಿ. ಕಿರುಬೆರಳ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು.

ಅವನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಕೇಳಿಸಲಿಲ್ಲ.